ಬಾವಿಯ ಮೂರನೇ ಫಾರಂ

೧೨ ನವೆಂಬರ್ ೧೯೭೯, ಸೋಮವಾರ

ಬೆಳಿಗ್ಗೆ ಮಾನ್ವಿಯಿಂದ ರಾಯಚೂರಿಗೆ ವಾಪಸ್ ಬಂದೆ. ಚಿಕ್ಕಪ್ಪನ ಮಗಳ ಮದುವೆ ಮುಗಿಯಿತು. ಕೈಮೇಲೆ ಮೆಹಂದಿ ಇನ್ನೂ ಇದೆ, ಅದರ ಮೇಲೆ ಈಗ ಮೈದಾ ಅಂಟು. ಅಬ್ಬಾ ಒಬ್ಬರೇ ಎಷ್ಟು ಬೈಂಡಿಂಗ್ ಮಾಡಿಯಾರು ಅಂದುಕೊಂಡಿದ್ದೆ — ಎಲ್ಲ ಮಾಡಿಬಿಟ್ಟಿದ್ದಾರೆ. ಎಡದೊರೆ ಇತಿಹಾಸ ಮಂಡಳಿಯ ಪತ್ರಿಕೆ. ಮೂರನೇ ಫಾರಂ ಮಡಿಚಿ, ಹೊಲಿದು, ಕವರ್ ಅಂಟಿಸಿ, ಅಂಚು ಕತ್ತರಿಸಿ, ನೂರಿಪ್ಪತ್ತು ಪ್ರತಿ ಕಟ್ಟು ಕಟ್ಟಿಟ್ಟಿದ್ದಾರೆ. ಕಟ್ಟಿದ ಕಟ್ಟನ್ನು ಮಂಡಳಿಯವರೇ ಬಿಚ್ಚಬೇಕು, ಅಬ್ಬಾ ನನಗೂ ಬಿಚ್ಚಲು ಬಿಡುವುದಿಲ್ಲ. ಲೇಖಕರಿಗೆ ಅವರ ಲೇಖನದಷ್ಟೇ ಬಿಡಿಯಾಗಿ ಹೊಲಿದು ಕೊಡುತ್ತೇವೆ, ರಿಪ್ರಿಂಟ್ ಅನ್ನುತ್ತಾರೆ. ಅವು ಇಪ್ಪತ್ತೈದು. ಆಗಲೇ ಹೋಗಿಬಿಟ್ಟಿವೆ.

ಸಿಟ್ಟು ಬಂತು. ನನಗೆ ಕೆಲಸ ಉಳಿಯಲಿಲ್ಲವೆಂದಲ್ಲ. ಓದುವುದು ಉಳಿದುಹೋಯಿತು.

ನಾನು ಓದಿದ್ದು ನಾಲ್ಕನೇ ಇಯತ್ತೆ, ಕನ್ನಡ ಶಾಲೆ. ಅಬ್ಬಾಗೆ ಉರ್ದು ಮಾತ್ರ ಬರುತ್ತದೆ, ಅಮ್ಮಿಗೆ ಯಾವುದೂ ಇಲ್ಲ. ಆದ್ದರಿಂದ ಈ ನೋಟ್‌ಬುಕ್ ಎಲ್ಲಿಟ್ಟರೂ ಚಿಂತೆಯಿಲ್ಲ. ಈ ಮನೆಯಲ್ಲಿ ಕನ್ನಡವೇ ನನ್ನ ಬೀಗ.

ಒಂದು ದೊಡ್ಡ ಹಾಳೆಗೆ ಎಂಟು ಪುಟ, ಅದೇ ಒಂದು ಫಾರಂ. ಮಡಿಚುವ ಮುಂಚೆ ಒಂಬತ್ತನೇ ಪುಟದ ಪಕ್ಕ ಹದಿನಾರು ಇರುತ್ತದೆ, ಹನ್ನೆರಡು ತಲೆಕೆಳಗಾಗಿರುತ್ತದೆ. ಮಂಡಳಿಯ ಲೇಖನಗಳನ್ನೆಲ್ಲ ನಾನು ಹೀಗೇ ಓದಿದ್ದು. ಮೊದಲು ಆರಂಭ, ಕೂಡಲೇ ಕೊನೆ, ಆಮೇಲೆ ನಡುವಿನದು. ಅರ್ಥಕ್ಕೇನೂ ತೊಂದರೆಯಾಗಿಲ್ಲ.

ಈ ಸಲ ಹನುಮಂತ್ರಾಯ ಎಂಬ ಲೆಕ್ಚರರ್ ಬರೆದ 'ಹಳೇದೊಡ್ಡಿ ಬಾವಿಯ ಶಾಸನ'. ಹಳೇದೊಡ್ಡಿ ಅಂದರೆ ಮಲ್ಲಟದ ಆಚೆ, ಯಂಕಮ್ಮನ ಗಂಡನ ಊರು. ಯಂಕಮ್ಮ ಶಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದವಳು. ಗೊತ್ತಿರುವ ಊರೊಂದು ಅಚ್ಚಾಗಿದ್ದು ಇದೇ ಮೊದಲು. ಮದುವೆಗೆ ಹೋಗುವ ಮುಂಚೆ ಹದಿನಾರನೇ ಪುಟದವರೆಗೆ ಓದಿದ್ದೆ. ಬಾವಿ ಯಾರದು ಎಂಬ ತೀರ್ಮಾನ ಮೂರನೇ ಫಾರಂನಲ್ಲಿತ್ತು.

ಅದರಲ್ಲಿ ಏನಿತ್ತು ಅಂತ ಅಬ್ಬಾನನ್ನು ಕೇಳಿದೆ.

"ಕರೀ ಅಕ್ಷರ ಇದ್ವು" ಅಂದರು.


೧೫ ನವೆಂಬರ್, ಗುರುವಾರ

ಮಂಡಳಿಯ ಕಾರ್ಯದರ್ಶಿ ಗುರುಶಾಂತಮ್ಮನವರು ಬಂದರು. ರಿಟೈರಾದ ಹೆಡ್‌ಮಿಸ್ಟ್ರೆಸ್. ಇವತ್ತಿಗೂ ಅವರು ಬಂದರೆ ಅಬ್ಬಾ ಎದ್ದು ನಿಲ್ಲುತ್ತಾರೆ, ಅವರ ಶಾಲೆಯಲ್ಲಿ ಓದಿದವರಲ್ಲದಿದ್ದರೂ. ಪ್ರತಿ ಎಣಿಸಿದರು. ನೂರಿಪ್ಪತ್ತು. ಮತ್ತೆ ಎಣಿಸಿದರು. ಕವರ್ ಮೇಲೆ ಅಬ್ಬಾನ ಬೆರಳಿನ ಅಂಟಿನ ಗುರುತು ಸಿಕ್ಕಿತು, ಆ ಪ್ರತಿ ಪಕ್ಕಕ್ಕಿಟ್ಟು ಮೂರನೇ ಸಲ ಎಣಿಸಿದರು.

ಏಪ್ರಿಲ್‌ನ ಕಮಿಟಿ ಸಭೆ ಆದಮೇಲೆ ಪತ್ರಿಕೆ ಆಜೀವ ಸದಸ್ಯರಿಗೆ ಹೋಗುತ್ತದೆ. ಅವರು ನಲವತ್ತು ಮಂದಿ. ಅಲ್ಲಿಯವರೆಗೆ ಎಲ್ಲವೂ, ಆಮೇಲೆ ಉಳಿದದ್ದೂ ಗುರುಶಾಂತಮ್ಮನವರ ಮನೆಯ ಪಡಸಾಲೆಯ ಕಬ್ಬಿಣದ ಕಪಾಟಿಗೆ. ಕೀಲಿಕೈ ಅವರ ಸೊಂಟದಲ್ಲಿ. ಯಾರಿಗೂ ಓದಲು ಕೊಡುವುದಿಲ್ಲವೇ ಅಂತ ಅಬ್ಬಾ ಒಮ್ಮೆ ಕೇಳಿದ್ದರು. ಅರವತ್ತೊಂದರಲ್ಲಿ ಓದಲು ಕೊಟ್ಟ ಹನ್ನೊಂದು ಸಂಪುಟ ಇವತ್ತಿನವರೆಗೆ ವಾಪಸ್ ಬಂದಿಲ್ಲವಂತೆ. ಮೊದಲ ವರ್ಷದ ಸಂಚಿಕೆ ಈಗ ಲೋಕದಲ್ಲೇ ಒಂದೂ ಇಲ್ಲವಂತೆ. ಹೇಳುವಾಗ ಅವರ ಕಣ್ಣು ತುಂಬಿತ್ತು. ಹೋದ ಮಕ್ಕಳ ಹೆಸರು ಹೇಳಿದ ಹಾಗೆ ಸಂಪುಟದ ನಂಬರ್ ಹೇಳಿದರು.

ಹದಿನೇಳರಿಂದ ಮುಂದೆ ಸ್ವಲ್ಪ ನೋಡಲೇ ಅಂತ ಕೇಳಬೇಕೆಂದು ಬೆಳಿಗ್ಗೆಯಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಪರದೆಯ ಹಿಂದೆ ನಿಂತಿದ್ದೆ. ಅವರು ಹೊರಟರು. ಕುದುರೆಗಾಡಿ ಹತ್ತಿದರು. ಗಾಡಿ ತಿರುವಿಗೆ ಹೋದಮೇಲೆ ಕೇಳಿದೆ. ಪರದೆಯನ್ನು.

ರದ್ದಿಯೂ ಇಲ್ಲ. ಪ್ರೆಸ್‌ನವರು ಪ್ರತಿ ಫಾರಂಗೆ ಹತ್ತು ಹನ್ನೆರಡು ಹಾಳೆ ಹೆಚ್ಚಿಗೆ ಹೊಡೆಯುತ್ತಾರೆ. ಕೆಟ್ಟದ್ದು, ಉಳಿದದ್ದು ಬೈಂಡರ್‌ಗೆ ಸೇರಬೇಕೆಂಬುದು ರಿವಾಜು. ಅದನ್ನು ಅಬ್ಬಾ ಮಾನ್ವಿಯ ದಾವಲ್ ಬೀ ಖಾಲಾಗೆ ಕಳಿಸುತ್ತಾರೆ. ಖಾಲಾ, ಅಂದರೆ ಅಮ್ಮಿಯ ತಂಗಿ, ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಬಜ್ಜಿ ಕರಿಯುತ್ತಾಳೆ. ಮೂರನೇ ಫಾರಂ ನಾನು ಬರುವ ಮುಂಚೆಯೇ ಹೋಯಿತಂತೆ.


೧೧ ಡಿಸೆಂಬರ್, ಮಂಗಳವಾರ

ಯಂಕಮ್ಮ ಬಂದಿದ್ದಳು. ಕಂಬಳಿ ಮಾರಲು ರಾಯಚೂರಿಗೆ ಬಂದರೆ ನಮ್ಮಲ್ಲಿಗೆ ಬಂದೇ ಹೋಗುತ್ತಾಳೆ. ಇವತ್ತು ಚಹಾ ಕೊಟ್ಟರೆ ಕುಡಿಯದೆ ಕೂತಳು.

ಹಳೇದೊಡ್ಡಿಯ ಬಾವಿಗೆ ಬೀಗ ಬಿದ್ದಿದೆ. ಮೆಟ್ಟಿಲು ಬಾವಿ, ಕುರಿಗಳು ತಾವೇ ಇಳಿದು ಕುಡಿಯುತ್ತಿದ್ದವು. ಈಗ ಮೆಟ್ಟಿಲ ಬಾಯಿಗೆ ಅಂಬಣ್ಣಗೌಡರು ಕಬ್ಬಿಣದ ಗೇಟ್ ಹಾಕಿಸಿದ್ದಾರೆ. ಬಾವಿ ತಮ್ಮ ಮನೆತನದ್ದಂತೆ. ಪುಸ್ತಕದಲ್ಲಿ ಬಂದಿದೆಯಂತೆ. ಇಡೀ ದೊಡ್ಡಿಯ ಕುರಿ ಈಗ ದಿನಾ ನಾಲ್ಕು ಮೈಲಿ ಹಳ್ಳಕ್ಕೆ ಹೋಗಿ ಬರುತ್ತವೆ. ಹಸಿ ಮರಿ ದಾರಿಯಲ್ಲೇ ಕೂಡುತ್ತವೆ, ಹೊತ್ತುಕೊಂಡು ಬರಬೇಕು. ಹೀಗೇ ಬೇಸಿಗೆ ಬಂದರೆ ಹಳ್ಳವೂ ಇರುವುದಿಲ್ಲ.

"ಯಾವ ಪುಸ್ತಕ?" ಅಂದೆ. ಕೇಳುವ ಮುಂಚೆಯೇ ಗೊತ್ತಾಗಿತ್ತು.

ತೆಳ್ಳಗಿನದು, ಹಸಿರು ಕವರು. ಗೌಡರು ಅದನ್ನು ಯಾರ ಕೈಗೂ ಕೊಡುವುದಿಲ್ಲ. ಹನ್ನೆರಡನೇ ಪುಟ ತೆಗೆದು ಕೆಂಪು ಪೆನ್ಸಿಲ್ ಗೆರೆ ತೋರಿಸುತ್ತಾರೆ. 'ಈ ಬಾವಿಯನ್ನು ಗೌಡರ ಪೂರ್ವಜರು ಸ್ವಂತ ಉಪಯೋಗಕ್ಕೆ ತೋಡಿಸಿದರು.' ಊರಲ್ಲಿ ಓದು ಬಂದವರು ಮೂವರು. ಮೂವರೂ ಓದಿ ನೋಡಿದರು, ಹಾಗೇ ಇದೆ.

ಅದು ನಮ್ಮ ಕವರು. ನಮ್ಮ ಹೊಲಿಗೆ.

ಹೇಳಿದೆ — ಹನ್ನೆರಡನೇ ಪುಟ ಲೇಖಕರ ಮಾತಲ್ಲ. ಪಂಡಿತರು ಬರೆಯುವ ರೀತಿಯೇ ಹಾಗೆ. ಮೊದಲು ಎದುರಿನವರ ಹೇಳಿಕೆಯನ್ನು ತಮ್ಮದೇ ಎಂಬಂತೆ ಉದ್ದಕ್ಕೆ ಬರೆಯುತ್ತಾರೆ, ಆಮೇಲೆ ತೂಗುತ್ತಾರೆ, ತೀರ್ಮಾನ ಕೊನೆಗೆ. ಹತ್ತು ವರ್ಷದಿಂದ ಮಡಿಚುತ್ತಿದ್ದೇನೆ, ಎಲ್ಲರೂ ಹೀಗೇ.

"ಹಂಗಾರ ತೀರ್ಮಾನ ಏನದ?"

"ಓದಿಲ್ಲ."

ಯಂಕಮ್ಮ ನನ್ನ ಮುಖ ನೋಡಿದಳು. ರೊಟ್ಟಿ ಬಡಿದವಳೇ ಹಿಟ್ಟು ಜೋಳದ್ದೋ ಸಜ್ಜೆಯದ್ದೋ ಗೊತ್ತಿಲ್ಲ ಅಂದರೆ ನೋಡುವ ಹಾಗೆ.


೧೨ ಡಿಸೆಂಬರ್, ಬುಧವಾರ

ಗುರುಶಾಂತಮ್ಮನವರ ಮನೆಗೆ ಹೋದೆವು. ಯಂಕಮ್ಮ ಮುಂದೆ, ನಾನು ಅವಳ ಹಿಂದೆ, ಅವಳ ಕಂಬಳಿ ಗಂಟಿನ ಹಿಂದೆ. ಕಪಾಟು ಎದುರಿಗೇ ಇತ್ತು. ಅದಕ್ಕೆ ಕುಂಕುಮ ಇಟ್ಟಿದ್ದರು.

ಒಂದೇ ಪುಟ ನೋಡಬೇಕ್ರಿ ಅಂತ ಯಂಕಮ್ಮ ಕೇಳಿದಳು. ಅವರು ಬೈಯಲಿಲ್ಲ. ನಿಯಮಾವಳಿ ತೆಗೆದರು. ಏಳನೇ ನಿಯಮ: ಸದಸ್ಯರಲ್ಲದವರು ಓದಬೇಕಾದರೆ, ಲೇಖನ ಯಾವ ಊರಿನದೋ ಆ ತಾಲೂಕಿನ ಇಬ್ಬರು ಆಜೀವ ಸದಸ್ಯರ ಶಿಫಾರಸು ಪತ್ರ ಬೇಕು. ಮಾನ್ವಿ ತಾಲೂಕಿನವರು ಯಾರೆಂದು ರಿಜಿಸ್ಟರ್ ನೋಡಿದರು. ಇಬ್ಬರಿದ್ದರು. ಒಬ್ಬರು ಹಳೇದೊಡ್ಡಿ ಅಂಬಣ್ಣಗೌಡರು. ಇನ್ನೊಬ್ಬರು ಅವರ ಅಣ್ಣ.

"ಅವ್ರು ತೀರಿಕೊಂಡು ಮೂರು ವರ್ಷ ಆತಲ್ರಿ" ಅಂದಳು ಯಂಕಮ್ಮ.

"ಆಜೀವ ಸದಸ್ಯರವ್ವಾ."

"ಆಜೀವ ಅಂದ್ರ ಜೀವ ಇರೋತನಕ ಅಲ್ಲೇನ್ರಿ?"

"ಅದನ್ನ ಕಮಿಟಿ ಇನ್ನಾ ತೀರ್ಮಾನ ಮಾಡಿಲ್ಲ."

ಹಾಗಾದರೆ ನೀವೇ ಓದಿ ಹೇಳ್ರಿ ಅಂದಳು. ಕಾರ್ಯದರ್ಶಿಯಾದವರು ಲೇಖನದ ಬಗ್ಗೆ ಏನೂ ಹೇಳಬಾರದು, ಒಂಬತ್ತನೇ ನಿಯಮ. ಆದರೂ ಅವರ ಕೈ ಸೊಂಟದ ಕೀಲಿಕೈ ಮೇಲೆ ಸ್ವಲ್ಪ ಹೊತ್ತು ಇತ್ತು. ನಾನು ನೋಡಿದೆ. ಆಮೇಲೆ ಆ ಕೈಯಿಂದಲೇ ನಮಗೆ ಬಾಳೆಹಣ್ಣು ಕೊಟ್ಟರು. ಅರ್ಜಿ ಬರೆದು ಹೋಗಿ, ಏಪ್ರಿಲ್ ಕಮಿಟಿಯಲ್ಲಿ ಇಡುತ್ತೇನೆ ಅಂದರು.

ಬೀದಿಗೆ ಬಂದಮೇಲೆ ಯಂಕಮ್ಮ, "ನೀ ಒಂದು ಮಾತರ ಆಡಬಾರದೇನಲೇ" ಅಂದಳು. ಬಾಯಲ್ಲಿ ಬಾಳೆಹಣ್ಣಿತ್ತು. ಅದು ನೆಪ.


೧೮ ಡಿಸೆಂಬರ್, ಮಂಗಳವಾರ

ಬರೆದವರನ್ನೇ ಕೇಳಿದರಾಯಿತು. ಇಷ್ಟು ಹೊಳೆಯಲು ಆರು ದಿನ ಬೇಕಾಯಿತು. ಹನುಮಂತ್ರಾಯರಿಗೆ ಬೀದರಿಗೆ ಟ್ರಾನ್ಸ್‌ಫರ್ ಆಗಿದೆಯೆಂದು ಪ್ರೆಸ್‌ನವರು ಹೇಳಿದರು, ವಿಳಾಸ ಕೊಟ್ಟರು.

ಗುರುತಿಲ್ಲದವರಿಗೆ ಕಾಗದ ಬರೆದದ್ದು ಇದೇ ಮೊದಲು. ನಾಲ್ಕು ಕಾರ್ಡು ಹಾಳಾದವು. ಮೊದಲನೆಯದರಲ್ಲಿ ಬರೀ ಕ್ಷಮೆಯೇ ತುಂಬಿತು. ಐದನೆಯದರಲ್ಲಿ ಕೊನೆಗೆ ವಿಷಯ ಬಂತು. ಕೆಳಗೆ ನನ್ನ ಹೆಸರು ಹಾಕಲು ಕೈ ಬರಲಿಲ್ಲ. ಅಬ್ಬಾನಿಂದ ಸಹಿ ಹಾಕಿಸಿದೆ. ಉರ್ದುವಿನಲ್ಲಿ ಹಾಕಿದರು. ಏನಿದು ಅಂದರು. ಅಂಟಿನ ಬಗ್ಗೆ ಅಂದೆ.


೭ ಜನವರಿ ೧೯೮೦, ಸೋಮವಾರ

ಎಲೆಕ್ಷನ್ ಮುಗಿಯಿತು. ಪ್ರೆಸ್ ತುಂಬ ಪೋಸ್ಟರು, ನಮಗೆ ಒಂದು ತಿಂಗಳು ಕೆಲಸವಿರಲಿಲ್ಲ. ಇವತ್ತು ಬೀದರಿನಿಂದ ಕಾರ್ಡು. ಅಕ್ಷರ ಇರುವೆ ಸಾಲು. ಇಲ್ಲಿ ಇಳಿಸಿಕೊಳ್ಳುತ್ತೇನೆ.

'ಪೀರಾ ಸಾಹೇಬರಿಗೆ ನಮಸ್ಕಾರ. ಇಪ್ಪತ್ತೈದು ರಿಪ್ರಿಂಟ್‌ಗಳಲ್ಲಿ ಇಪ್ಪತ್ತನಾಲ್ಕನ್ನು ಮೈಸೂರು, ಧಾರವಾಡ, ಪುಣೆಯ ವಿದ್ವಾಂಸರಿಗೆ ಕಳಿಸಿದೆ. ಒಂದನ್ನು ಶಾಸನದ ಪಡಿಯಚ್ಚು ತೆಗೆಯಲು ಬಂದಾಗ ಊಟ ಹಾಕಿದ ಅಂಬಣ್ಣಗೌಡರಿಗೆ ಕೊಟ್ಟೆ. ನನಗೆ ಉಳಿಯಲಿಲ್ಲ. ಕೈಬರಹ ಒಂದೇ ಇತ್ತು, ಪ್ರೆಸ್‌ಗೆ ಕೊಟ್ಟಿದ್ದೆ. ನನ್ನ ಲೇಖನ ಓದಲು ನಾನೂ ಮಂಡಳಿಗೆ ಅರ್ಜಿ ಹಾಕಿದ್ದೇನೆ. ಚಂದಾ ಮುಗಿದಿದೆಯೆಂದು ಉತ್ತರ ಬಂತು. ತೀರ್ಮಾನ ಏನು ಬರೆದೆನೆಂದು ಕೇಳಿದ್ದೀರಿ. ಅನುಮಾನವಿದೆಯೆಂದು ಬರೆದ ನೆನಪು. ಆದರೆ ನಾನು ಎಲ್ಲ ಲೇಖನಗಳಲ್ಲೂ ಹಾಗೇ ಬರೆಯುವುದರಿಂದ ನೋಡದೆ ಹೇಳಲಾರೆ. ತಮ್ಮ ಕನ್ನಡ ಚೆನ್ನಾಗಿದೆ.'

ಕೊನೆಯ ಸಾಲನ್ನು ಎರಡು ಸಲ ಓದಿದೆ. ಮೂರು.

ಪ್ರೆಸ್‌ನಲ್ಲಿ ಕೇಳಿದೆ — ಅಂದರೆ ಅಬ್ಬಾನಿಂದ ಕೇಳಿಸಿದೆ. ಕೈಬರಹ ಒಲೆಗೆ ಹೋಗಿದೆ. ಸೀಸದ ಅಚ್ಚಿನ ಮೊಳೆಗಳನ್ನು ಬಿಚ್ಚಿ ಎಲೆಕ್ಷನ್ ಪೋಸ್ಟರಿಗೆ ಬಳಸಿದ್ದಾರೆ. ಬಾವಿಯ ತೀರ್ಮಾನ ಈಗ ಊರ ಗೋಡೆಗಳ ಮೇಲೆ ಓಟು ಕೇಳುತ್ತಿದೆ.


೧೯ ಜನವರಿ, ಶನಿವಾರ

ಯಂಕಮ್ಮ ಹೇಳಿ ಕಳಿಸಿದ್ದಾಳೆ. ದೊಡ್ಡಿಯವರು ತಹಶೀಲ್ದಾರರಿಗೆ ಅರ್ಜಿ ಕೊಟ್ಟರು. ಫೆಬ್ರವರಿ ಹದಿನಾರಕ್ಕೆ ಬಾವಿಯ ಹತ್ತಿರವೇ ಬಂದು ಪಂಚನಾಮೆ ಮಾಡುತ್ತಾರಂತೆ. ಗೌಡರ ಕಡೆ ಪುಸ್ತಕವಿದೆ. ನಮ್ಮ ಕಡೆ ಏನದ, ಕುರಿ ಅದಾವ — ಹೀಗೆ ಹೇಳಿ ಕಳಿಸಿದ್ದಾಳೆ.

ನಾಳೆ ಮಾನ್ವಿಗೆ ಹೋಗುತ್ತೇನೆ. ಖಾಲಾಗೆ ಮೈ ಸರಿಯಿಲ್ಲವೆಂದು ಅಬ್ಬಾಗೆ ಹೇಳಿದ್ದೇನೆ. ಖಾಲಾಗೆ ಇನ್ನೂ ಹೇಳಿಲ್ಲ.


೨೦ ಜನವರಿ, ಭಾನುವಾರ. ಮಾನ್ವಿ

ಖಾಲಾ ಗುಂಡುಕಲ್ಲಿನ ಹಾಗಿದ್ದಾಳೆ. ಬಜ್ಜಿ ಅಂಗಡಿಯ ಹಿಂದಿನ ರದ್ದಿಯನ್ನೆಲ್ಲ ಬಿಚ್ಚಿದೆ. ಒಂದನೇ ಫಾರಂ ಇತ್ತು. ಎರಡನೆಯದು ಬೇಕಾದಷ್ಟಿತ್ತು. ಮೂರನೆಯದು ಒಂದೂ ಇಲ್ಲ. ಆ ಕಾಗದ ಎಣ್ಣೆ ಚೆನ್ನಾಗಿ ಹೀರುತ್ತಿತ್ತು, ಅದನ್ನೇ ಮೊದಲು ಖರ್ಚು ಮಾಡಿದೆ ಅಂದಳು. ಅರ್ಧ ಕಟ್ಟನ್ನು ದೇವದುರ್ಗದ ಕುತುಬುದ್ದೀನ್ ಅಂಗಡಿಗೆ ಕೊಟ್ಟಳಂತೆ, ಅವನು ಶೇಂಗಾ ಪೊಟ್ಟಣ ಕಟ್ಟುತ್ತಾನೆ.

ಬೆಂಚಿನ ಮೇಲೆ ಬಸ್ಸಿಗೆ ಕಾಯುವವರು ಬಜ್ಜಿ ತಿಂದಮೇಲೆ ಕಾಗದ ಬಿಸಾಡುತ್ತಿರಲಿಲ್ಲ. ಬೆರಳು ಒರೆಸಿಕೊಂಡು ಓದುತ್ತಿದ್ದರು. ಇದನ್ನು ನಾನು ಯಾವತ್ತೂ ಕೂತು ನೋಡಿರಲಿಲ್ಲ. ರುಮಾಲಿನ ಮುದುಕರೊಬ್ಬರು ಐದನೇ ಪುಟ ಓದಿ — ಹಿಂದಿನ ಕಾಲದ ಕಂದಾಯದ ವಿಷಯ — ಪಕ್ಕದವನಿಗೆ ವಿವರಿಸಿ, ಇದು ಹೀಗಿರಲಿಲ್ಲ, ಬರೆದವರಿಗೆ ತಿಳಿದಿಲ್ಲ ಅಂತ ತಿದ್ದುತ್ತಿದ್ದರು. ಆಮೇಲೆ ಖಾಲಾನ ಕಡೆ ತಿರುಗಿ, "ಇದರ ಮುಂದಿನ ಹಾಳಿ ಯಾವಾಗ ಬರ್ತದವ್ವಾ?" ಅಂದರು.

"ಬಜ್ಜಿ ತಗೊಂಡ್ರ ಬರ್ತದ" ಅಂದಳು ಖಾಲಾ.

ಇನ್ನೊಂದು ಪ್ಲೇಟ್ ತಗೊಂಡರು. ಒಂದನೇ ಫಾರಂನದೇ ಬಂತು, ಅದೇ ಪುಟ. ಸಿಟ್ಟು ಮಾಡಿಕೊಂಡು ಹೋದರು.


೨೧ ಜನವರಿ, ಸೋಮವಾರ. ದೇವದುರ್ಗದಿಂದ ಬರುವ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಖಾಲಾ ಜೊತೆಗೆ ಬಂದಿದ್ದಾಳೆ, ನಿದ್ದೆಯಲ್ಲಿದ್ದಾಳೆ.

ಕುತುಬುದ್ದೀನ್ ಅಂಗಡಿಯಲ್ಲಿ ಕಟ್ಟಿಟ್ಟ ಶೇಂಗಾ ಪೊಟ್ಟಣಗಳು ಎಂಬತ್ತು. ಹೊರಗಿನಿಂದ ಪುಟದ ನಂಬರ್ ಕಾಣಿಸುವುದಿಲ್ಲ. ಖಾಲಾ ಮಾತಾಡಿದಳು, ಜಗಳವೂ ಅವಳೇ ಮಾಡಿದಳು. ಎಲ್ಲ ಬಿಚ್ಚಿ, ನೋಡಿ, ಮತ್ತೆ ಕಟ್ಟಿಕೊಡಬೇಕೆಂದು ಒಪ್ಪಂದವಾಯಿತು. ಕಟ್ಟುವುದರಲ್ಲಿ ನನ್ನ ಕೈ ವೇಗ ನೋಡಿ ಕುತುಬುದ್ದೀನ್ ಕೆಲಸಕ್ಕೆ ಬರುತ್ತೀಯಾ ಅಂದ.

ಅರವತ್ತೆರಡನೇ ಪೊಟ್ಟಣ. ಹತ್ತೊಂಬತ್ತನೇ ಪುಟ. ಲೇಖನದ ಕೊನೆಯ ಪುಟ. ಮೇಲಿನ ಅರ್ಧ ಹರಿದು ಹೋಗಿತ್ತು, ಕೆಳಗಿನ ಅರ್ಧ ಇತ್ತು. ಪೂರ್ತಿ ಇಳಿಸಿಕೊಳ್ಳುತ್ತೇನೆ.

'೧೧. ಅದೇ. ೧೨. ಅದೇ, ಪು. ೪೦. ೧೩. ಮೇಲೆ ನೋಡಿ. ೧೪. ಅದೇ. ೧೫. ಇದಕ್ಕೆ ವಿರುದ್ಧವಾದ ಅಭಿಪ್ರಾಯಕ್ಕೆ ಅಡಿಟಿಪ್ಪಣಿ ೧೩ ನೋಡಿ.'

ಎಂಬತ್ತೂ ಪೊಟ್ಟಣ ಕಟ್ಟಿಕೊಟ್ಟು ಬಂದೆ.


೧೬ ಫೆಬ್ರವರಿ, ಶನಿವಾರ

ಇವತ್ತೇ ಪಂಚನಾಮೆ ಇಟ್ಟಿದ್ದರು. ಇವತ್ತೇ ಸಂಪೂರ್ಣ ಸೂರ್ಯಗ್ರಹಣ. ಕಚೇರಿಯವರು ತಾರೀಕು ಹಾಕುವಾಗ ನೋಡಿರಲಿಲ್ಲ. ದೇಶದ ವಿಜ್ಞಾನಿಗಳೆಲ್ಲ ರಾಯಚೂರಿಗೆ ಬಂದಿದ್ದಾರೆ. ರಾಯಚೂರಿನವರೆಲ್ಲ ಬಾಗಿಲು ಹಾಕಿಕೊಂಡಿದ್ದಾರೆ. ಮೂರೂ ಮುಕ್ಕಾಲರ ಸುಮಾರಿಗೆ ಕತ್ತಲಾಯಿತು, ಕೋಳಿಗಳು ಗೂಡಿಗೆ ಹೋದವು. ಅಬ್ಬಾ ನಮಾಜಿಗೆ ನಿಂತರು. ಕಿಟಕಿಯ ಸಂದಿಯಿಂದ ಬೀದಿ ನೋಡಿದೆ, ಸಂಜೆಯಂಥ ಸಂಜೆಯಲ್ಲ.

ಪಂಚನಾಮೆ ಇಪ್ಪತ್ತಕ್ಕೆ ಹೋಗಿದೆ. ಯಂಕಮ್ಮ ಬಾ ಅಂದಿದ್ದಾಳೆ. ಬಂದು ಏನು ಮಾಡಲಿ ಅಂದದ್ದಕ್ಕೆ, ಕೊನೆಯೊಂದು ಇದೆ ಅಂತಾದರೂ ಹೇಳು ಅಂದಿದ್ದಳು. ನಾಲ್ಕು ದಿನದಿಂದ ಆ ಒಂದು ವಾಕ್ಯ ಕಲಿಯುತ್ತಿದ್ದೇನೆ. ಸಾಹೇಬರೇ, ಈ ಲೇಖನಕ್ಕೆ ಕೊನೆ ಇದೆ. ಹಿಟ್ಟು ಕಲಸುವಾಗ ಚೆನ್ನಾಗಿ ಬರುತ್ತದೆ.


೨೦ ಫೆಬ್ರವರಿ, ಬುಧವಾರ ಸಂಜೆ. ಮಾನ್ವಿ, ಖಾಲಾನ ಮನೆ

ಎಲ್ಲ ಬರೆಯಬೇಕು. ನಿಧಾನ.

ಖಾಲಾನ ಜೊತೆ ಹೋದೆ. ಜನ ಸೇರುತ್ತಾರೆಂದು ಅವಳು ಒಲೆ, ಬಾಣಲೆ, ಹಿಟ್ಟು ಎಲ್ಲ ತಂದಿದ್ದಳು. ಬಾವಿಯ ಕಟ್ಟೆಯ ಮೇಲೆ ತಹಶೀಲ್ದಾರರು ಕೂತರು, ಸಣ್ಣ ವಯಸ್ಸಿನವರು, ಬಿಸಿಲಿಗೆ ಮುಖ ಕೆಂಪಾಗಿತ್ತು. ಒಂದು ಕಡೆ ಗೌಡರು. ಇನ್ನೊಂದು ಕಡೆ ದೊಡ್ಡಿಯವರು, ಅವರ ಹಿಂದೆ ಮುನ್ನೂರು ಕುರಿ. ಕುರಿಗಳನ್ನು ಯಾಕೆ ತಂದಿರಿ ಅಂದರು ಸಾಹೇಬರು. ಅರ್ಜಿ ಅವುಗಳದೇ ಅಂದಳು ಯಂಕಮ್ಮ.

ಗೌಡರು ಹಸಿರು ಕವರಿನ ರಿಪ್ರಿಂಟ್ ಕೊಟ್ಟರು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಸಾಹೇಬರು ಹನ್ನೆರಡು ಓದಿದರು. ತಲೆಯಾಡಿಸಿದರು. ನನ್ನ ವಾಕ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡೆ. ಅವರೇ ಮುಂದೆ ತಿರುವಿದರು. ಹದಿನಾರು, ಹದಿನೇಳು. ಹದಿನೇಳಾದ ಮೇಲೆ ಇಪ್ಪತ್ತು ಬಂತು, ಅಲ್ಲಿ ಬೇರೆ ಯಾರದೋ ಲೇಖನ. ಹಿಂದೆ ಮುಂದೆ ತಿರುವಿದರು.

"ಹದಿನೆಂಟು, ಹತ್ತೊಂಬತ್ತು ಎಲ್ಲಿ?"

ಗೌಡರು ಬಗ್ಗಿ ನೋಡಿದರು. ಅವರಿಗೂ ಹೊಸ ವಿಷಯ. ಅವರ ಕಡೆಯವರೊಬ್ಬರು, ಬೈಂಡರ್ ತಪ್ಪಿರಬೇಕು, ಹಾಳೆ ಬಿಟ್ಟು ಹೊಲಿದಿದ್ದಾನೆ ಅಂದರು. ಸಾಹೇಬರು ಹಿಂದಿನ ಕವರ್ ನೋಡಿ ಜೋರಾಗಿ ಓದಿದರು. 'ಬೈಂಡಿಂಗ್: ಪೀರಾ ಸಾಬ್, ರಾಯಚೂರು.' ಇಂಥವರಿಂದಲೇ ಹೀಗಾಗುವುದು ಅಂದರು.

ಅಬ್ಬಾ ಮೂವತ್ತು ವರ್ಷದಲ್ಲಿ ಒಂದು ಹಾಳೆ ಬಿಟ್ಟವರಲ್ಲ.

ಎದ್ದು ನಿಂತದ್ದು ಗೊತ್ತಾಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬುದು ಗೊತ್ತಾಯಿತು. ಕಲಿತ ವಾಕ್ಯ ಮರೆತುಹೋಯಿತು.

"ಹಾಳಿ ಬಿಟ್ಟಿಲ್ರಿ. ಅದಾವ. ಬಿಚ್ಚಿಲ್ಲ, ಅಷ್ಟ."

"ಯಾರಮ್ಮಾ ನೀನು?"

"ಪೀರಾ ಸಾಬರ ಮಗಳ್ರಿ. ರಂಜಾನಬಿ."

ಪುಸ್ತಕ ನನ್ನ ಕೈಗೆ ಕೊಟ್ಟರು. ಅದು ಹಾಗೇ ಇತ್ತು. ಹಾಳೆ ಮಡಿಚಿ ಹೊಲಿದಮೇಲೆ ಮೂರು ಅಂಚು ಕತ್ತರಿಸಬೇಕು, ಆಗಲೇ ಎಲ್ಲ ಪುಟ ಬೇರೆಯಾಗುವುದು. ಇದನ್ನು ಕತ್ತರಿಸಿಯೇ ಇರಲಿಲ್ಲ. ಹದಿನೆಂಟು ಹತ್ತೊಂಬತ್ತು ಮೇಲಿನ ಮಡಿಕೆಯೊಳಗೆ ಚೀಲದಲ್ಲಿದ್ದ ಹಾಗೆ ಇದ್ದವು. ತಾನಾಗಿ ತೆರೆಯುವ ಪುಟಗಳನ್ನಷ್ಟೇ ಗೌಡರು ನೋಡಿದ್ದರು. ಮೂರು ತಿಂಗಳು ತೀರ್ಮಾನ ಅವರ ರೇಷ್ಮೆ ಬಟ್ಟೆಯಲ್ಲೇ ಇತ್ತು.

ಬಿಚ್ಚಲು ಏನಾದರೂ ಬೇಕಿತ್ತು. ಖಾಲಾ ಮೆಣಸಿನಕಾಯಿ ಸೀಳುವ ಚಾಕು ಸೆರಗಿಗೆ ಒರೆಸಿ ಕೊಟ್ಟಳು. ಸೀಳಿದೆ. ಸಾಹೇಬರಿಗೆ ವಾಪಸ್ ಕೊಡಲು ಹೋದೆ. ಅವರಿಗೆ ಖಾರದ ಘಾಟಿಗೆ ಸೀನು ಬಂತು, ನೀನೇ ಓದಮ್ಮಾ ಅಂದರು.

ಮೊದಲ ಸಾಲಿಗೆ ದನಿ ಬರಲಿಲ್ಲ. ಕುರಿಗಳೇ ಜೋರಾಗಿದ್ದವು. ಎರಡನೆಯದರಿಂದ ಬಂತು. ಮೇಲೆ ಹೇಳಿದ್ದು ಗೌಡರ ಮನೆತನದವರ ಹೇಳಿಕೆ, ಅದಕ್ಕೆ ಶಾಸನದಲ್ಲಿ ಆಧಾರವಿಲ್ಲ. ಹದಿಮೂರನೇ ಸಾಲಿನಲ್ಲಿ ದಾರಿಹೋಕರು, ದನ, ಕುರಿ ಎಂಬ ಮಾತುಗಳು ಸ್ಪಷ್ಟವಾಗಿವೆ. ಬಾವಿ ಎಲ್ಲರಿಗೂ ಬಿಟ್ಟದ್ದಿರಬೇಕು — ಯಂಕಮ್ಮನ ಗಂಡ ಟವೆಲ್ ಮೇಲಕ್ಕೆ ಎಸೆದ. ನಾನು ನಿಲ್ಲಿಸಲಿಲ್ಲ, ನಿಲ್ಲಿಸಬೇಕಿತ್ತು. ಮುಂದಿನ ಸಾಲು ಓದಿಬಿಟ್ಟೆ. 'ಆದರೆ ಕಲ್ಲಿನ ಕೆಳಭಾಗ ಒಡೆದು ಕಳೆದುಹೋಗಿರುವುದರಿಂದ ಕೊನೆಗೂ ಅನುಮಾನ ಉಳಿಯುತ್ತದೆ.'

ಟವೆಲ್ ಕೆಳಗೆ ಬಂತು. ಗೌಡರು ಮೀಸೆ ಒರೆಸಿಕೊಂಡರು. ಹನುಮಂತ್ರಾಯರ ಮೇಲೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ.

ಆಗ ಯಂಕಮ್ಮನ ಅತ್ತೆ ಬೂದೆಮ್ಮ ಎದ್ದಳು. ಎಪ್ಪತ್ತರ ಹತ್ತಿರದ ಮುದುಕಿ.

"ಕೆಳಗಿನ ತುಂಡು ಅಂದ್ರ, ಅಕ್ಷರ ಇರೋ ಕಲ್ಲೇನು? ಅದು ನಮ್ಮ ಹಿತ್ತಲದಾಗ ಅದ. ಅದರ ಮ್ಯಾಲ ಕಂಬಳಿ ಒಗೀತೀನಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಪ್ರೊಫೆಸರು ಊರಿಗೆ ಬಂದಾಗ ಯಾಕೆ ಹೇಳಲಿಲ್ಲ ಅಂತ ಕೇಳಿದರು.

"ನನ್ನ ಯಾರು ಕೇಳ್ಯಾರ್ರಿ. ಅವ್ರು ಗೌಡ್ರ ಮನ್ಯಾಗ ಉಂಡ್ರು, ಹೋದ್ರು. ಕಲ್ಲು ಹುಡುಕಾಕತ್ತಾರಂತ ಇವತ್ತ ಈಕಿ ಓದಿದ ಮ್ಯಾಲ ನಂಗ ತಿಳಿದಿದ್ದು."

ಎಲ್ಲರೂ ಹಿತ್ತಲಿಗೆ ಹೋದೆವು. ಕಲ್ಲು ಇತ್ತು. ಅಕ್ಷರ ಇದ್ದವು, ಕಂಬಳಿ ತಿಕ್ಕಿ ತಿಕ್ಕಿ ನುಣುಪಾಗಿದ್ದವು. ಹಳೆಯ ಲಿಪಿ, ಯಾರಿಗೂ ಬರದು. ಕೆಳಗೆ ಒಂದು ಹಸು, ಒಂದು ಕುರಿ ಕೊರೆದಿದ್ದವು. ಅವು ಎಲ್ಲರಿಗೂ ಬಂದವು. ಗೌಡರೂ ನೋಡಿದರು, ಬಹಳ ಹೊತ್ತು. "ನಂಗ ಬರೇ ಹನ್ನೆರಡನೇ ಪುಟ ಓದಿ ಹೇಳಿದ್ರು" ಅಂದರು, ಯಾರಿಗೂ ಅಲ್ಲ.

ಶಾಸನ ಪೂರ್ತಿ ಓದಿಸುವವರೆಗೆ ಬೀಗ ಹಾಕತಕ್ಕದ್ದಲ್ಲ ಎಂದು ಸಾಹೇಬರು ಬರೆಯುತ್ತಿದ್ದರು. ಗೌಡರು ಗೇಟ್ ತೆಗೆದುಬಿಟ್ಟರು. ಸಹಿ ಆಗುವ ಮುಂಚೆಯೇ ಕುರಿಗಳು ಕೆಳಗಿದ್ದವು. ಖಾಲಾನ ಬಜ್ಜಿ ಎಲ್ಲ ಖರ್ಚು. ಗೌಡರೂ ಎರಡು ಪ್ಲೇಟ್ ತಿಂದರು.


೨೪ ಫೆಬ್ರವರಿ, ಭಾನುವಾರ

ರಿಪ್ರಿಂಟ್ ಯಾಕೆ ಕತ್ತರಿಸಲಿಲ್ಲ ಅಂತ ಅಬ್ಬಾನನ್ನು ಕೇಳಿದ್ದೆ. ನೂರಿಪ್ಪತ್ತು ಕತ್ತರಿಸುವಷ್ಟರಲ್ಲಿ ಬ್ಲೇಡು ಮೊಂಡಾಯಿತು, ಸಾಣೆಗೆ ಹೋಗಿತ್ತು, ರಿಪ್ರಿಂಟನ್ನು ಯಾರು ಓದುತ್ತಾರೆ ಅಂದರು. ಆಮೇಲೆ ಎರಡು ದಿನ ನನ್ನ ಮುಖ ನೋಡಿಲ್ಲ. ಊರೆಲ್ಲ ಸುದ್ದಿ. ಮಂಡಳಿಯ ಕೆಲಸ ಹೋಯಿತೆಂದೇ ಇಬ್ಬರೂ ಅಂದುಕೊಂಡಿದ್ದೆವು.

ಇವತ್ತು ಹನ್ನೊಂದಕ್ಕೆ ಗುರುಶಾಂತಮ್ಮನವರು ಬಂದರು. ಅಬ್ಬಾ ಎದ್ದು ನಿಂತರು. ಅವರು ನನ್ನನ್ನು ಪರದೆಯಿಂದ ಹೊರಗೆ ಕರೆದರು. ಕಾಗದದ ರೀಮಿನ ಮೇಲೆ ಕೂತರು.

"ಎಷ್ಟು ರಿಪ್ರಿಂಟ್ ಕತ್ತರಿಸಿಲ್ಲ?"

"ಇಪ್ಪತ್ತೈದೂ ರೀ."

ಕಣ್ಣು ಮುಚ್ಚಿಕೊಂಡರು. ಚೀಲದಿಂದ ಒಂದು ಕೈಬರಹ ತೆಗೆದು ಕೊಟ್ಟರು. ಮುಂದಿನ ಸಂಚಿಕೆಗೆ ಬಂದದ್ದು, ರಿಪ್ರಿಂಟ್ ತಲುಪಿದ ದೊಡ್ಡ ವಿದ್ವಾಂಸರೊಬ್ಬರ ಪ್ರತಿಕ್ರಿಯೆ. ಎರಡು ಪುಟ ಹೊಗಳಿಕೆ. ಬಾವಿ ಗೌಡರ ಮನೆತನದ್ದೇ ಎಂಬುದನ್ನು ಹನುಮಂತ್ರಾಯರು ಅಲ್ಲಾಡದಂತೆ ಸ್ಥಾಪಿಸಿದ್ದಾರೆ, ಅವರ ತೀರ್ಮಾನಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಇಂಥವೇ ಇನ್ನೆರಡು ಬಂದಿವೆಯಂತೆ. ಪುಟ ಬಿಚ್ಚಿಲ್ಲವೆಂದು ದೂರಿದವರು ಒಬ್ಬರೂ ಇಲ್ಲ.

"ನಾನೂ ಮೊನ್ನೆ ಕಪಾಟು ತೆಗೆದು ಓದಿದೆ" ಅಂದರು. "ಇಪ್ಪತ್ತು ವರ್ಷದಾಗ ಮೊದಲನೇ ಸಲ."

ಅಬ್ಬಾಗೆ ಕನ್ನಡ ಓದು ಬರದಿದ್ದರೂ ಇದು ಅರ್ಥವಾಯಿತು, ತಲೆ ಕೆಳಗೆ ಹಾಕಿ ನಗು ತಡೆಯುತ್ತಿದ್ದರು.

ಇನ್ನು ಮೇಲೆ ರದ್ದಿ ಬಜ್ಜಿಗೆ ಹೋಗಬಾರದಂತೆ. ಯಾವ ಊರಿನ ಬಗ್ಗೆ ಲೇಖನವೋ ಆ ಊರಿಗೆ ಪೂರ್ತಿ ಜೋಡಿಸಿ ಕಳಿಸಬೇಕಂತೆ, ಚಾವಡಿಗೊಂದು, ಶಾಲೆಗೊಂದು. ಅಂಚು ಕತ್ತರಿಸಿ. ನಿಯಮದಲ್ಲಿ ಪತ್ರಿಕೆ ಕೊಡಬಾರದೆಂದಿದೆ, ರದ್ದಿಯ ಬಗ್ಗೆ ಏನೂ ಇಲ್ಲ. "ಕಪಾಟಿಂದು ಮಾತ್ರ ಕೇಳಬ್ಯಾಡ್ರಿ. ಅದಕ್ಕ ನಂಗ ಇನ್ನಾ ಸ್ವಲ್ಪ ದಿನ ಬೇಕು." ಖಾಲಾಗೆ ಏನು ಹೇಳುವುದೋ.

ಎದ್ದರು. ಬಾಗಿಲಲ್ಲಿ ತಿರುಗಿ, ಆ ಮೂವರಿಗೂ ಉತ್ತರ ಅಚ್ಚಾಗಬೇಕಲ್ಲ, ನೀನೇ ಬರಿ ಅಂದರು. ಎರಡು ಪುಟ ಖಾಲಿ ಇಟ್ಟಿದ್ದಾರಂತೆ. ನನಗೆ ಬರದು, ನಾಲ್ಕನೇ ಇಯತ್ತೆ ಅಂದೆ. ಕೂಡಲೇ ಅಂದೆ, ಅವರು ಗಾಡಿ ಹತ್ತುವ ಮುಂಚೆಯೇ.

"ಅವ್ರು ಬಾಳ ಓದ್ಯಾರ" ಅಂದರು. "ಹದಿನೆಂಟನೇ ಪುಟ ಓದಿದಾಕಿ ನೀನು. ಹೆಸರು ನಿಂದ ಹಾಕು. ನಿಮ್ಮಪ್ಪಂದಲ್ಲ."

ಊಟ ಆಗಿಲ್ಲ. ಅಮ್ಮಿ ಎರಡು ಸಲ ಕರೆದಳು. ಮೂರು ಹಾಳೆ ಹಾಳಾಯಿತು, ಮೂರರಲ್ಲೂ ಕ್ಷಮೆಯೇ ಇತ್ತು. ನಾಲ್ಕನೆಯದು ಇಲ್ಲೇ ಬರೆದು ನೋಡುತ್ತೇನೆ.

ಸಂಪಾದಕರಿಗೆ,

ನಾನು ಬೈಂಡರ್. ವಿದ್ವಾಂಸರು ಒಪ್ಪಿರುವ ತೀರ್ಮಾನ ಆ ಲೇಖನದಲ್ಲಿ ಇಲ್ಲ. ಇರುವುದು ಏನೆಂದರೆ